ಪೋಕರ್‌ಗೆ ಮನಸ್ಸಿನ ಪಾಠ ಹೇಳುವವರೇ, ಉಳಿದರ್ಧವನ್ನೂ ಹೇಳಿ

ಮಾನ್ಯ ತರಬೇತುದಾರರೇ,

ಯೂಟ್ಯೂಬ್ ವಿಡಿಯೊಗಳಲ್ಲಿ, ಟೆಲಿಗ್ರಾಂ ಗುಂಪುಗಳಲ್ಲಿ, ವಾರಾಂತ್ಯದ ಜೂಮ್ ತರಗತಿಗಳಲ್ಲಿ ನೀವು ಹುಡುಗರಿಗೆ ಹೇಳಿಕೊಡುವ ಪಾಠದ ತಿರುಳು ಹೆಚ್ಚುಕಡಿಮೆ ಒಂದೇ. ಆನ್‌ಲೈನ್ ಪೋಕರ್‌ನಲ್ಲಿ ಎಲೆ ಹೇಗೇ ಬೀಳಲಿ, ಕೊನೆಗೆ ಗೆಲ್ಲುವವನು ಮನಸ್ಸನ್ನು ಹಿಡಿತದಲ್ಲಿ ಇಟ್ಟುಕೊಂಡವನು. ಸೋತಾಗ ಸಿಟ್ಟಾಗಬೇಡ, ಗೆದ್ದಾಗ ಉಬ್ಬಬೇಡ, ಟಿಲ್ಟ್ ಆಗಬೇಡ, ಅಂದರೆ ಭಾವನೆಯ ಭರದಲ್ಲಿ ಹದತಪ್ಪಿ ಆಡಬೇಡ. ಈ ಮಾತನ್ನು ನಾನು ಮನಸಾರೆ ಒಪ್ಪುತ್ತೇನೆ. ಪೋಕರ್ ಸೊಗಸಾದ ಆಟ ಎಂದು ನಂಬಿರುವವನು ನಾನು. ಅದನ್ನು ಬರೀ ಅದೃಷ್ಟದ ಜೂಜು ಎಂದು ತಳ್ಳಿಹಾಕುವವರ ಜೊತೆ ನನಗೂ ಜಗಳವಿದೆ. ಆದರೆ ನಿಮ್ಮ ಪಾಠ ಅರ್ಧಕ್ಕೇ ನಿಲ್ಲುತ್ತದೆ. ಆ ಅರ್ಧವನ್ನಷ್ಟೇ ಕಲಿತ ಹುಡುಗನಿಗೆ, ಏನೂ ಕಲಿಯದವನಿಗಿಂತ ಹೆಚ್ಚು ಹಾನಿಯಾಗುತ್ತದೆ ಎಂಬುದು ನನ್ನ ತಕರಾರು. ಅದನ್ನು ನಿಮ್ಮ ಶಿಷ್ಯರೂ ಓದಲಿ, ಅವರ ಮನೆಯವರೂ ಓದಲಿ ಎಂದು ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲು ಒಪ್ಪುವ ಮಾತುಗಳನ್ನು ಆಡಿಬಿಡುತ್ತೇನೆ. ಟೆಕ್ಸಸ್ ಹೋಲ್ಡೆಮ್‌ನಲ್ಲಿ ಒಬ್ಬೊಬ್ಬನ ಕೈಗೆ ಎರಡೆರಡು ಎಲೆ ಬರುತ್ತವೆ. ಎರಡೂ ಎಕ್ಕವೇ ಆಗಿ ಬರುವುದು ಸರಾಸರಿ 221 ಹ್ಯಾಂಡ್‌ಗೆ, ಅಂದರೆ ಎಲೆ ಹಂಚಿ ಆಡುವ 221 ಸುತ್ತಿಗೆ, ಒಮ್ಮೆ. ಅಷ್ಟು ಕಾದು ಎಕ್ಕದ ಜೋಡಿ ಹಿಡಿದವನ ಎದುರಿಗೆ ಇನ್ನೊಬ್ಬ ರಾಜನ ಜೋಡಿ ಹಿಡಿದು ಕೂತಿದ್ದಾನೆ, ಇಬ್ಬರೂ ಇದ್ದದ್ದನ್ನೆಲ್ಲ ಪಣಕ್ಕಿಟ್ಟು ಆಲ್‌ಇನ್ ಹೋದರು ಎನ್ನಿ. ಎಕ್ಕದವನು ಗೆಲ್ಲುವ ಸಾಧ್ಯತೆ ಸುಮಾರು ಶೇ 82. ಅಂದರೆ ಇಂಥ 100 ಸಂದರ್ಭಗಳಲ್ಲಿ ಸುಮಾರು 18 ಸಲ, ತಪ್ಪೇನೂ ಮಾಡದೆ, ಇರುವುದರಲ್ಲೇ ಅತ್ಯುತ್ತಮ ನಿರ್ಧಾರ ತೆಗೆದುಕೊಂಡೂ ಅವನು ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಚದುರಂಗದಲ್ಲಿ ಸರಿಯಾದ ನಡೆ ಇಟ್ಟವನಿಗೆ ಆಟ ಶಿಕ್ಷೆ ಕೊಡುವುದಿಲ್ಲ. ಪೋಕರ್ ಕೊಡುತ್ತದೆ. ತಪ್ಪು ನಡೆಯವನಿಗೆ ಬಹುಮಾನವನ್ನೂ ಕೊಡುತ್ತದೆ. ಮಾಡಿದ ಕೆಲಸಕ್ಕೂ ಸಿಕ್ಕ ಫಲಕ್ಕೂ ನಂಟು ಕಡಿದುಹೋಗುವ ಇಂಥ ಕಡೆ ಮನುಷ್ಯನ ತಲೆ ಕೆಡುವುದು ಸಹಜ. ಆದ್ದರಿಂದ ಮನಸ್ಸಿನ ಪಾಠ ಈ ಆಟಕ್ಕೆ ಬೇಕೇ ಬೇಕು.

ಟಿಲ್ಟ್ ಆದವನು ಏನು ಮಾಡುತ್ತಾನೆ ಎಂಬುದನ್ನು ನೀವು ಚೆನ್ನಾಗಿ ಬಲ್ಲಿರಿ. ಫೋಲ್ಡ್ ಮಾಡಿ ಕೈಬಿಡಬೇಕಾದ ಎಲೆಗಳನ್ನು ಆಡತೊಡಗುತ್ತಾನೆ, ತನ್ನನ್ನು ಸೋಲಿಸಿದವನನ್ನೇ ಹುಡುಕಿಕೊಂಡು ಹೋಗಿ ಬ್ಲಫ್ ಮಾಡುತ್ತಾನೆ, ಸಣ್ಣ ಪಣದ ಟೇಬಲ್ ಬಿಟ್ಟು ದೊಡ್ಡದಕ್ಕೆ ಏರುತ್ತಾನೆ. ಜೇರೆಡ್ ಟೆಂಡ್ಲರ್ 2011ರಲ್ಲಿ ಬ್ಯಾರಿ ಕಾರ್ಟರ್ ಜೊತೆ ಬರೆದ ‘ದಿ ಮೆಂಟಲ್ ಗೇಮ್ ಆಫ್ ಪೋಕರ್’ ಪುಸ್ತಕ ಇದನ್ನು ಬಗೆಬಗೆಯಾಗಿ ವಿಂಗಡಿಸಿತು. ಅನ್ಯಾಯವಾಯಿತು ಎಂಬ ಟಿಲ್ಟ್, ಸೋಲನ್ನೇ ಸಹಿಸದ ಟಿಲ್ಟ್, ತನ್ನ ತಪ್ಪಿಗೆ ತಾನೇ ಕುದಿಯುವ ಟಿಲ್ಟ್, ಗೆಲುವು ನನ್ನ ಹಕ್ಕು ಎಂಬ ಟಿಲ್ಟ್, ಸೇಡಿನ ಟಿಲ್ಟ್, ಹತಾಶೆಯ ಟಿಲ್ಟ್. ಇದರ ಬೇರು ಇನ್ನೂ ಆಳದಲ್ಲಿದೆ. ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವೆರ್ಸ್ಕಿ 1979ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಗಳಿಕೆಯ ಸಂತೋಷಕ್ಕಿಂತ ಅಷ್ಟೇ ಮೊತ್ತದ ನಷ್ಟದ ನೋವು ದೊಡ್ಡದು. ಅವರ ಮುಂದಿನ ಅಂದಾಜಿನಲ್ಲಿ ಅದು ಸುಮಾರು ಎರಡು ಪಟ್ಟು. ಇನ್ನೂ ಮುಖ್ಯವಾದ ಮಾತೆಂದರೆ, ನಷ್ಟದಲ್ಲಿ ಇರುವ ಮನುಷ್ಯ ಖಚಿತವಾದ ಸಣ್ಣ ನಷ್ಟವನ್ನು ಒಪ್ಪಿ ಏಳುವ ಬದಲು, ಪೂರ್ತಿ ವಾಪಸ್ ಎತ್ತಬಹುದು ಎಂಬ ಆಸೆಗೆ ಇನ್ನೂ ದೊಡ್ಡ ಅಪಾಯಕ್ಕೆ ಕೈಹಾಕುತ್ತಾನೆ. ಐದು ಸಾವಿರ ಸೋತವನು ಐವತ್ತು ಸಾವಿರ ಸೋಲುವ ದಾರಿ ಇದೇ.

ಈ ಸ್ವಭಾವವನ್ನು ಅಭ್ಯಾಸದಿಂದ ತಿದ್ದಿಕೊಳ್ಳಬಹುದು ಎಂಬುದಕ್ಕೆ ನೀವು ಉದಾಹರಿಸುವ ಮರಿಯಾ ಕೊನ್ನಿಕೋವಾ ನಿಜವಾದ ಸಾಕ್ಷಿ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಡಾಕ್ಟರೇಟ್ ಪಡೆದ ಈ ಲೇಖಕಿಗೆ ಪೋಕರ್ ಗೊತ್ತೇ ಇರಲಿಲ್ಲ. ಎರಿಕ್ ಸೈಡೆಲ್ ಎಂಬ ಹಿರಿಯ ಆಟಗಾರನ ಬಳಿ ಕಲಿತರು, ಮನಸ್ಸಿನ ಪಾಠಕ್ಕೆ ಅದೇ ಟೆಂಡ್ಲರ್ ಬಳಿ ಹೋದರು, 2018ರ ಜನವರಿಯಲ್ಲಿ ಬಹಾಮಾಸ್‌ನ ಒಂದು ಟೂರ್ನಿಯಲ್ಲಿ 84,600 ಡಾಲರ್ ಗೆದ್ದರು, 2020ರಲ್ಲಿ ‘ದಿ ಬಿಗ್ಗೆಸ್ಟ್ ಬ್ಲಫ್’ ಬರೆದರು. ನಿಮ್ಮ ತರಗತಿಯಲ್ಲಿ ಈ ಕಥೆ ಗೆಲುವಿನ ಮೊತ್ತಕ್ಕೆ ಬಂದು ನಿಲ್ಲುತ್ತದೆ. ಅದೇ ಪುಸ್ತಕದಲ್ಲಿರುವ ಇನ್ನೊಂದು ವಿವರವನ್ನು ನೀವು ಬಿಡುತ್ತೀರಿ. ಕೊನ್ನಿಕೋವಾ ನ್ಯೂಯಾರ್ಕ್ ನಿವಾಸಿ. ಆ ರಾಜ್ಯದಲ್ಲಿ ಆನ್‌ಲೈನ್ ಪೋಕರ್‌ಗೆ ಕಾನೂನಿನ ಅನುಮತಿ ಇರಲಿಲ್ಲ. ಆನ್‌ಲೈನ್ ಆಡಬೇಕೆಂದರೆ ಹಡ್ಸನ್ ನದಿ ದಾಟಿ ನ್ಯೂಜೆರ್ಸಿಗೆ ಹೋಗಿ, ಅಲ್ಲಿ ಕೂತು ಆಡಿ, ಮತ್ತೆ ನದಿ ದಾಟಿ ಮನೆಗೆ ಬರಬೇಕಿತ್ತು. ಆಟಕ್ಕೊಂದು ಜಾಗ, ಒಂದು ಹೊತ್ತು, ಒಂದು ಕೊನೆ ಇತ್ತು. ಮಲಗುವ ಕೋಣೆಗೆ ಆಟ ಬರುತ್ತಿರಲಿಲ್ಲ. ಅವರ ಮನೋನಿಗ್ರಹದ ಲೆಕ್ಕದಲ್ಲಿ ಆ ನದಿಯ ಪಾಲೂ ಇದೆ. ನಿಮ್ಮ ಶಿಷ್ಯನಿಗೆ ಅಂಥ ನದಿ ಎಲ್ಲಿದೆ?

ನಾನು ಹೇಳುವ ಉಳಿದರ್ಧ ಶುರುವಾಗುವುದು ಇಲ್ಲಿಂದ. ಮನಸ್ಸಿನ ಹಿಡಿತ ಎಂದರೆ ಆಟದ ನಡುವೆ ಹಲ್ಲುಕಚ್ಚಿ ತೋರಿಸುವ ಧೈರ್ಯ ಎಂದು ನೀವು ಕಲಿಸುತ್ತೀರಿ. ನಿಜವಾದ ಹಿಡಿತದ ಬಹುಪಾಲು ಆಟಕ್ಕೆ ಕೂರುವ ಮುಂಚೆಯೇ ಮುಗಿದಿರುತ್ತದೆ: ಎಷ್ಟು ದುಡ್ಡು, ಎಷ್ಟು ಹೊತ್ತು, ಯಾರ ಎದುರು, ಯಾವಾಗ ಏಳುವುದು. ಇನ್ನುಳಿದದ್ದು ಹೇಳಿದ ಹೊತ್ತಿಗೆ ಎದ್ದುಬರುವುದರಲ್ಲಿ ಇರುತ್ತದೆ. ನಡುವಿನ ಆ ಹಲ್ಲುಕಚ್ಚುವಿಕೆ ಎಲ್ಲಕ್ಕಿಂತ ದುರ್ಬಲವಾದ ಭಾಗ. ಫೋನಿನ ಪರದೆ ಮುರಿಯುವುದು ಸರಿಯಾಗಿ ಅದನ್ನೇ.

ಮೊದಲನೆಯದಾಗಿ, ಪರದೆಯ ಮೇಲಿನ ಆಟ ನಡೆಯುವ ಬಗೆಯನ್ನು ನೋಡಿ. ಎದುರುಬದುರು ಕೂತು ಎಲೆ ಹಂಚಿ ಆಡಿದರೆ ಗಂಟೆಗೆ 25–30 ಹ್ಯಾಂಡ್ ಆಗುತ್ತವೆ. ಆನ್‌ಲೈನ್‌ನಲ್ಲಿ ಒಂದೇ ಟೇಬಲ್‌ಗೆ ಗಂಟೆಗೆ 60–80. ನಾಲ್ಕು ಟೇಬಲ್ ತೆರೆದು ಕೂತರೆ ಆ ಲೆಕ್ಕ ನಾಲ್ಕು ಪಟ್ಟು. ಫೋಲ್ಡ್ ಒತ್ತಿದ ತಕ್ಷಣ ಇನ್ನೊಂದು ಟೇಬಲ್‌ಗೆ ಎತ್ತಿಹಾಕುವ ವೇಗದ ಆಟವನ್ನು 2010ರಲ್ಲಿ ಫುಲ್ ಟಿಲ್ಟ್ ಕಂಪನಿ ತಂದಮೇಲೆ ಎಲೆಗಾಗಿ ಕಾಯುವ ಹೊತ್ತೂ ಇಲ್ಲವಾಯಿತು. ಆ ಕಾಯುವ ಹೊತ್ತಿನಲ್ಲೇ ಸಿಟ್ಟು ಇಳಿಯುತ್ತಿತ್ತು. ಕ್ಲಬ್ಬಿನಲ್ಲಿ ಬ್ಯಾಡ್ ಬೀಟ್ ಆದವನು, ಅಂದರೆ ಗೆಲ್ಲಬೇಕಾದ ಎಲೆ ಹಿಡಿದೂ ಸೋತವನು, ಎದ್ದು ಹೊರಗೆ ಹೋಗಿ ಟೀ ಕುಡಿದು ಬರುತ್ತಿದ್ದ. ಪಕ್ಕದವನು ಬೆನ್ನು ತಟ್ಟಿ ಇವತ್ತಿಗೆ ಸಾಕು ಬಿಡಪ್ಪ ಎನ್ನುತ್ತಿದ್ದ. ಕೈಯಲ್ಲಿದ್ದ ನೋಟು ಮುಗಿದರೆ ಆಟ ಮುಗಿಯುತ್ತಿತ್ತು. ಇಲ್ಲಿ ಪಕ್ಕದವನಿಲ್ಲ, ನೋಟಿಲ್ಲ. ಯುಪಿಐ ಪಿನ್ ಒತ್ತಿದರೆ ಮರುಕ್ಷಣವೇ ಹೊಸ ದುಡ್ಡು. ಖಾತೆ ಖಾಲಿಯಾದರೆ ಅದೇ ಫೋನಿನಲ್ಲಿ ಸಾಲದ ಆ್ಯಪ್. ಮನೆಯವರೆಲ್ಲ ಮಲಗಿದ ಮೇಲೆ, ದಿನದ ಕೆಲಸಕ್ಕೆ ತಲೆ ದಣಿದಿರುವಾಗ ಆಟ ಶುರು.

ತಮಿಳುನಾಡು ಸರ್ಕಾರ 2025ರ ಫೆಬ್ರುವರಿಯಲ್ಲಿ ತಂದ ನಿಯಮ ರಾತ್ರಿ 12ರಿಂದ ಬೆಳಗಿನ 5ರವರೆಗೆ ದುಡ್ಡಿನ ಆನ್‌ಲೈನ್ ಆಟಗಳಿಗೆ ಬಾಗಿಲು ಹಾಕಿತು. ಅದೇ ವರ್ಷದ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಆ ನಿಯಮವನ್ನು ಎತ್ತಿಹಿಡಿಯಿತು. ಮನುಷ್ಯನ ಹಿಡಿತ ನಡುರಾತ್ರಿಯಲ್ಲಿ ಹಗಲಿನಷ್ಟು ಗಟ್ಟಿ ಇರುವುದಿಲ್ಲ ಎಂಬ ಸರಳ ಸತ್ಯವನ್ನು ಆ ನಿಯಮ ಒಪ್ಪಿಕೊಂಡಿತ್ತು. ನಿಮ್ಮ ತರಗತಿಗಳಲ್ಲೋ, ನಡುರಾತ್ರಿ ದಣಿದು ಕೂತ ದುರ್ಬಲ ಆಟಗಾರರನ್ನು ಹುಡುಕಿ ಆಡಿ ಎಂಬ ಸಲಹೆ ಕೇಳುತ್ತದೆ. ಆ ದಣಿದವನು ಯಾರು ಎಂದು ಯೋಚಿಸಿದ್ದೀರಾ? ಅವನೂ ಯಾರದೋ ತರಗತಿಯಲ್ಲಿ ಇದೇ ಪಾಠ ಕೇಳಿಬಂದ ಹುಡುಗ.

ಎರಡನೆಯದು, ಲೆಕ್ಕ. ಶಾಂತವಾಗಿ ಕೂತವನೂ ಸೋಲುವ ಒಂದು ಕಾರಣವಿದೆ. ಅದರ ಹೆಸರು ರೇಕ್. ಎಪಿಎಂಸಿ ಯಾರ್ಡಿನಲ್ಲಿ ಬೆಲೆ ಏರಿದರೂ ಇಳಿದರೂ ದಲ್ಲಾಳಿಯ ಕಮಿಷನ್ ನಿಲ್ಲದ ಹಾಗೆ, ಇಲ್ಲಿ ಯಾರು ಗೆದ್ದರೂ ಕಂಪನಿ ಪ್ರತಿ ಪಾಟ್‌ನಿಂದ, ಅಂದರೆ ಪಣದ ರಾಶಿಯಿಂದ, ತನ್ನ ಪಾಲು ಎತ್ತಿಕೊಳ್ಳುತ್ತದೆ. ಕಾಗದದ ಮೇಲೆ ಒಂದು ಲೆಕ್ಕ ಮಾಡೋಣ. ಸಮಬಲದ ಆರು ಜನ ತಲಾ ₹10,000 ತಂದರು. ಟೇಬಲ್ ಮೇಲೆ ₹60,000. ಒಂದು ರಾತ್ರಿ 300 ಹ್ಯಾಂಡ್ ಆಡಿದರು. ಪಾಟ್ ಸರಾಸರಿ ₹400, ರೇಕ್ ಶೇ 5 ಎಂದು ಹಿಡಿದರೆ ಪ್ರತಿ ಹ್ಯಾಂಡ್‌ಗೆ ₹20. ಬೆಳಗಾಗುವಾಗ ಟೇಬಲ್‌ನಿಂದ ₹6,000 ಹೊರಗೆ ಹೋಗಿರುತ್ತದೆ. ಆರೂ ಜನ ಬುದ್ಧನಷ್ಟು ಶಾಂತರಾಗಿದ್ದರೂ ಒಟ್ಟಿನಲ್ಲಿ ಹತ್ತನೇ ಒಂದು ಪಾಲು ಕಳೆದುಕೊಂಡೇ ಏಳುತ್ತಾರೆ. ಇದರ ಮೇಲೆ ತೆರಿಗೆ. ನಮ್ಮ ದೇಶದಲ್ಲಿ 2023ರ ಏಪ್ರಿಲ್ 1ರಿಂದ ಆನ್‌ಲೈನ್ ಆಟದ ನಿವ್ವಳ ಗೆಲುವಿಗೆ ಶೇ 30 ಟಿಡಿಎಸ್ ಬಂತು. ಅದೇ ವರ್ಷ ಅಕ್ಟೋಬರ್ 1ರಿಂದ ಆಟಕ್ಕೆ ಕಟ್ಟಿದ ಪೂರ್ತಿ ಮೊತ್ತಕ್ಕೆ ಶೇ 28 ಜಿಎಸ್‌ಟಿ ಬಂತು. ಇಷ್ಟನ್ನೂ ದಾಟಿ ಲಾಭ ಮಾಡಬೇಕಾದರೆ ಎದುರಾಳಿಗಿಂತ ಸ್ವಲ್ಪ ಚೆನ್ನಾಗಿ ಆಡಿದರೆ ಸಾಲದು, ತುಂಬ ಚೆನ್ನಾಗಿ ಆಡಬೇಕು. ಉಸಿರಾಟದ ವ್ಯಾಯಾಮ ಮಾಡಿ ರೇಕ್ ಕಡಿಮೆ ಮಾಡಲು ಬರುವುದಿಲ್ಲ.

ಈ ಲೆಕ್ಕವನ್ನು ಮುಚ್ಚಿಟ್ಟರೆ ಮನಸ್ಸಿನ ಪಾಠ ಎಲ್ಲವನ್ನೂ ವಿವರಿಸುವ ಮಂತ್ರವಾಗಿಬಿಡುತ್ತದೆ. ಶಿಷ್ಯ ಗೆದ್ದರೆ ಮೈಂಡ್‌ಸೆಟ್ ಸರಿಯಿತ್ತು. ಸೋತರೆ ಮೈಂಡ್‌ಸೆಟ್ ಸರಿಯಿರಲಿಲ್ಲ, ಮುಂದಿನ ಕೋರ್ಸ್ ತಗೊ. ಯಾವ ಫಲಿತಾಂಶ ಬಂದರೂ ಸುಳ್ಳಾಗದ ಮಾತು ಪಾಠವೆನಿಸಿಕೊಳ್ಳುವುದಿಲ್ಲ. ಒಂದು ತಿಂಗಳ ಗೆಲುವು ಕೌಶಲವೋ ಅದೃಷ್ಟವೋ ಎಂದು ಆಟಗಾರನಿಗೇ ತಿಳಿಯದು. ಸಾವಿರಾರು ಹ್ಯಾಂಡ್‌ಗಳಲ್ಲೂ ಅದೃಷ್ಟದ ಏರಿಳಿತ ಕೌಶಲವನ್ನು ಮುಚ್ಚಿಹಾಕುತ್ತದೆ. ಎಲೆನ್ ಲ್ಯಾಂಗರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1975ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನಪಾಗಬೇಕು. ಒಂದು ಡಾಲರಿನ ಲಾಟರಿ ಚೀಟಿಯನ್ನು ಕೆಲವರಿಗೆ ತಾವೇ ಆರಿಸಿಕೊಳ್ಳಲು ಬಿಟ್ಟರು, ಉಳಿದವರಿಗೆ ಸುಮ್ಮನೆ ಕೊಟ್ಟರು. ಆಮೇಲೆ ವಾಪಸ್ ಮಾರುತ್ತೀರಾ ಎಂದು ಕೇಳಿದಾಗ ಸುಮ್ಮನೆ ಪಡೆದವರು ಸರಾಸರಿ 1.96 ಡಾಲರ್ ಕೇಳಿದರು, ತಾವೇ ಆರಿಸಿಕೊಂಡವರು 8.67 ಡಾಲರ್. ಗೆಲ್ಲುವ ಸಾಧ್ಯತೆ ಇಬ್ಬರಿಗೂ ಅಷ್ಟೇ ಇತ್ತು. ತನ್ನ ಕೈ ಸೋಕಿದ್ದಕ್ಕೆ ಹಿಡಿತವೂ ತನ್ನದೇ ಎಂದು ಮನುಷ್ಯ ನಂಬುತ್ತಾನೆ. ನಾನು ನನ್ನ ಭಾವನೆಗಳನ್ನು ಗೆದ್ದಿದ್ದೇನೆ, ಆದ್ದರಿಂದ ಆಟವನ್ನೂ ಗೆಲ್ಲುತ್ತೇನೆ ಎಂಬ ಹುಡುಗನ ನಂಬಿಕೆ ಇದೇ ಭ್ರಮೆಯ ಇನ್ನೊಂದು ರೂಪ. ಮಂತ್ರ ಗೊತ್ತಿದೆ ಎಂಬ ಧೈರ್ಯಕ್ಕೆ ಅವನು ಇನ್ನೂ ದೊಡ್ಡ ಟೇಬಲ್‌ಗೆ ಏರುತ್ತಾನೆ. ಅರ್ಧ ಪಾಠ ಹೆಚ್ಚು ಹಾನಿ ಮಾಡುತ್ತದೆ ಎಂದದ್ದು ಈ ಕಾರಣಕ್ಕೆ.

ಅನುಭವಿ ಆಟಗಾರರು ಹೊಸಬರಿಗಿಂತ ಸಮಚಿತ್ತರು ಎಂಬುದನ್ನು ಫಿನ್ಲೆಂಡಿನ ಸಂಶೋಧಕರು ಆಟಗಾರರನ್ನೇ ಕೇಳಿ ನಡೆಸಿದ ಅಧ್ಯಯನಗಳಲ್ಲಿ ಕಂಡಿದ್ದಾರೆ. ನಿಮ್ಮಲ್ಲಿ ಕೆಲವರು ಇದನ್ನು ಪುರಾವೆಯಾಗಿ ತೋರಿಸುತ್ತೀರಿ. ಅದನ್ನು ಓದುವಾಗ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಸಮಚಿತ್ತ ಕಲಿಯಲಾಗದೆ ಎಲ್ಲವನ್ನೂ ಕಳೆದುಕೊಂಡವರು ಅನುಭವಿಗಳಾಗುವಷ್ಟು ಕಾಲ ಟೇಬಲ್‌ನಲ್ಲಿ ಉಳಿಯುತ್ತಾರೆಯೇ? ಉಳಿದವರನ್ನಷ್ಟೇ ಎಣಿಸಿದರೆ ಆಟ ಎಲ್ಲರನ್ನೂ ಪಳಗಿಸಿತು ಎಂಬ ಹಾಗೆ ಕಾಣುತ್ತದೆ. ಹೊರಗೆ ಹೋದವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಮನಸ್ಸೊಂದೇ ಸಾಲದು ಎಂಬುದಕ್ಕೆ ಆನ್‌ಲೈನ್ ಪೋಕರ್ ಚರಿತ್ರೆಯಲ್ಲೇ ಎರಡು ಪ್ರಸಂಗಗಳಿವೆ. 2009ರ ಡಿಸೆಂಬರ್‌ನಲ್ಲಿ ‘ಇಸಿಲ್ಡುರ್1’ ಎಂಬ ಹೆಸರಿನಲ್ಲಿ ಆಡುತ್ತಿದ್ದ ಸ್ವೀಡನ್ನಿನ ಹುಡುಗ ವಿಕ್ಟರ್ ಬ್ಲೂಮ್, ಬ್ರಯನ್ ಹೇಸ್ಟಿಂಗ್ಸ್ ಎಂಬ ಆಟಗಾರನಿಗೆ ಸುಮಾರು ಐದು ಗಂಟೆಗಳಲ್ಲಿ 40 ಲಕ್ಷ ಡಾಲರ್‌ಗಿಂತ ಹೆಚ್ಚು ಸೋತ. ಬ್ಲೂಮ್‌ನ ವಯಸ್ಸು ಆಗ 19. ಜಗತ್ತು ಅದನ್ನು ಹುಡುಗನ ದುಡುಕು ಎಂದು ಮಾತಾಡಿಕೊಂಡಿತು. ಆಮೇಲೆ ಹೊರಬಂದ ಸಂಗತಿ ಬೇರೆ. ಹೇಸ್ಟಿಂಗ್ಸ್ ಮತ್ತು ಅವನ ಇಬ್ಬರು ಸಂಗಡಿಗರು ಬ್ಲೂಮ್ ಆಡಿದ ಹ್ಯಾಂಡ್‌ಗಳ ದಾಖಲೆಗಳನ್ನು ಕಲೆಹಾಕಿ ಅವನ ಆಟವನ್ನು ಎಳೆಎಳೆಯಾಗಿ ಓದಿಟ್ಟಿದ್ದರು. ಎದುರಿಗೆ ಒಬ್ಬನೇ ಇದ್ದಾನೆ ಎಂದು ಪರದೆ ಹೇಳುತ್ತಿದ್ದಾಗ ಆ ಒಬ್ಬನ ಹಿಂದೆ ಮೂವರ ಅಧ್ಯಯನ ಇತ್ತು. ಈ ಹುಡುಗ ಎಷ್ಟೇ ಶಾಂತನಾಗಿದ್ದರೂ ಆ ಅಂತರ ಮುಚ್ಚುತ್ತಿತ್ತೇ?

ಎರಡನೆಯದು 2017ರ ಜನವರಿಯದು. ಪಿಟ್ಸ್‌ಬರ್ಗ್‌ನ ರಿವರ್ಸ್ ಕ್ಯಾಸಿನೊದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ‘ಲಿಬ್ರಟಸ್’ ಎಂಬ ಕಂಪ್ಯೂಟರ್ ಪ್ರೋಗ್ರಾಂ ನಾಲ್ವರು ವೃತ್ತಿಪರರ ವಿರುದ್ಧ 20 ದಿನ, 1,20,000 ಹ್ಯಾಂಡ್ ಆಡಿ 17 ಲಕ್ಷ ಡಾಲರ್‌ಗೂ ಮಿಕ್ಕಿದ ಮೌಲ್ಯದ ಚಿಪ್ಸ್‌ನಷ್ಟು ಮುಂದಿತ್ತು. 2019ರಲ್ಲಿ ‘ಪ್ಲೂರಿಬಸ್’ ಎಂಬ ಮುಂದಿನ ಪ್ರೋಗ್ರಾಂ ಆರು ಜನರ ಟೇಬಲ್‌ನಲ್ಲೂ ವೃತ್ತಿಪರರನ್ನು ಸೋಲಿಸಿತು. ಯಂತ್ರಕ್ಕೆ ಸಿಟ್ಟಿಲ್ಲ, ನಿದ್ದೆಯಿಲ್ಲ, ಹೋದ ದುಡ್ಡಿನ ಸಂಕಟವಿಲ್ಲ. ಆದರೂ ಅದು ಗೆದ್ದದ್ದು ಭಾವನೆ ಇಲ್ಲದ ಕಾರಣಕ್ಕಲ್ಲ. ಭಾವನೆಯೇ ಇಲ್ಲದೆ ಕೆಟ್ಟದಾಗಿ ಆಡುವ ಪ್ರೋಗ್ರಾಂ ಬರೆಯುವುದು ಸುಲಭ. ಲಿಬ್ರಟಸ್ ಗೆದ್ದದ್ದು ಲೆಕ್ಕದಿಂದ. ಇಂಥ ಪ್ರೋಗ್ರಾಂಗಳನ್ನು ಕದ್ದುಮುಚ್ಚಿ ಬಳಸುವ ಎದುರಾಳಿಗಳು ಆನ್‌ಲೈನ್ ಟೇಬಲ್‌ಗಳ ದೊಡ್ಡ ತಲೆನೋವು ಎಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ. ಅವರೆದುರು ನಿಮ್ಮ ಶಿಷ್ಯನ ಸಮಚಿತ್ತ ಅವನು ಸಮಾಧಾನವಾಗಿ ಸೋಲುವಂತೆ ಮಾಡುತ್ತದೆ, ಅಷ್ಟೇ.

ಜೂಜಿನ ಕಥೆ ಬಂದಾಗಲೆಲ್ಲ ನಮ್ಮ ಜನ ಧರ್ಮರಾಯನನ್ನು ನೆನೆಯುತ್ತಾರೆ. ನಿಮ್ಮ ತರಗತಿಗೆ ಹೆಚ್ಚು ಒಪ್ಪುವವನು ನಳ. ಕನಕದಾಸರ ‘ನಳಚರಿತ್ರೆ’ಯಿಂದ ಕನ್ನಡಿಗರ ಮನೆಮಾತಾದ ಆ ಕಥೆಯ ಮೂಲ ಮಹಾಭಾರತದ ವನಪರ್ವದಲ್ಲಿದೆ. ಜೂಜಿನಲ್ಲಿ ಎಲ್ಲ ಸೋತು ಕಾಡಿಗೆ ಬಂದ ಧರ್ಮರಾಯನಿಗೆ ಬೃಹದಶ್ವ ಮುನಿ ಹೇಳುವ ಕಥೆ ಅದು. ಕಲಿಪುರುಷ ಮೈಹೊಕ್ಕ ನಳ ತನ್ನ ಸೋದರ ಪುಷ್ಕರನ ಎದುರು ಜೂಜಾಡಿ ರಾಜ್ಯ ಸೋಲುತ್ತಾನೆ. ಹೆಂಡತಿ ದಮಯಂತಿ, ಮಂತ್ರಿಗಳು, ಊರ ಜನ ಬಂದು ಬೇಡಿಕೊಂಡರೂ ಏಳುವುದಿಲ್ಲ. ಅವನನ್ನು ಕಲಿಯಿಂದ ಬಿಡಿಸಿದ್ದು ಯಾವುದು? ಮನಸ್ಸು ಗಟ್ಟಿ ಮಾಡಿಕೋ ಎಂಬ ಉಪದೇಶ ಅಲ್ಲ. ಮುಂದೆ ನಳ ಸಾರಥಿಯಾಗಿ ಸೇರಿದ ಋತುಪರ್ಣ ರಾಜ ದಾರಿಯಲ್ಲಿದ್ದ ತಾರೆ ಮರದ ಎಲೆ, ಕಾಯಿಗಳ ಸಂಖ್ಯೆಯನ್ನು ನೋಡಿದೊಡನೆ ಹೇಳುತ್ತಾನೆ. ನಳ ರಥ ನಿಲ್ಲಿಸಿ ಇಳಿದು ಎಣಿಸಿ ನೋಡುತ್ತಾನೆ, ಲೆಕ್ಕ ಸರಿಯಿರುತ್ತದೆ. ಆ ವಿದ್ಯೆ, ಅಂದರೆ ದಾಳದ ಗುಟ್ಟು ತಿಳಿಸುವ ಅಕ್ಷಹೃದಯ, ಅವನಿಗೆ ದಕ್ಕಿದ ಮೇಲೆ ಕಲಿ ಮೈ ಬಿಟ್ಟು ಹೊರಗೆ ಬರುತ್ತಾನೆ. ಎಣಿಕೆ ಮೊದಲು ಬಂತು, ಸಮಾಧಾನ ಆಮೇಲೆ. ಮರಳಿ ಬಂದ ನಳ ಪುಷ್ಕರನ ಜೊತೆ ಒಂದೇ ಪಣಕ್ಕೆ ಆಡಿ ಗೆದ್ದ, ಸೋತವನಿಗೆ ಅವನ ಪಾಲು ಕೊಟ್ಟು ಕಳಿಸಿದ, ಅಲ್ಲಿಗೆ ಆಟ ನಿಲ್ಲಿಸಿದ. ಲೆಕ್ಕದಿಂದ ಹುಟ್ಟುವುದು, ನಿಲ್ಲಿಸುವುದರಲ್ಲಿ ಕಾಣುವುದು: ಮನೋನಿಗ್ರಹದ ಈ ಎರಡು ಲಕ್ಷಣಗಳೂ ಆ ಕಥೆಯಲ್ಲಿವೆ. ನಿಮ್ಮ ಪಾಠದಲ್ಲಿ ಎರಡೂ ಇಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತರುವ ವಿಷಯ ಮುಂದಿನದು. ನೀವು ಸೇಡಿನ ಟಿಲ್ಟ್, ಹತಾಶೆಯ ಟಿಲ್ಟ್ ಎಂದು ಕರೆದು ತಿದ್ದಲು ಹೊರಡುವ ನಡವಳಿಕೆಯನ್ನು ವೈದ್ಯರು ಬೇರೊಂದು ಪಟ್ಟಿಯಲ್ಲಿ ಇಟ್ಟಿದ್ದಾರೆ. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಜೂಜಿನ ಗೀಳನ್ನು ಮದ್ಯ, ಮಾದಕ ವಸ್ತುಗಳ ವ್ಯಸನದ ಸಾಲಿಗೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲೂ ಅದು ವ್ಯಸನವೇ. ಅದರ ಲಕ್ಷಣಗಳನ್ನು ನೋಡಿ. ಸೋತ ದುಡ್ಡು ಎತ್ತಲು ಮತ್ತೆ ಮತ್ತೆ ಹೋಗುವುದು. ಮನಸ್ಸು ಕುಗ್ಗಿದಾಗ ಆಟಕ್ಕೆ ಕೂರುವುದು. ಕಡಿಮೆ ಮಾಡಬೇಕೆಂದು ಹೊರಟು ಆಗದಿರುವುದು. ಮನೆಯವರಿಗೆ ಸುಳ್ಳು ಹೇಳುವುದು. ಮೊದಲಿನ ಮಜ ಸಿಗಲು ಮೊತ್ತ ಏರಿಸುತ್ತ ಹೋಗುವುದು. ಇವುಗಳಲ್ಲಿ ಮೂರ್ನಾಲ್ಕು ಇರುವ ಹುಡುಗ ನಿಮ್ಮ ಬಳಿ ಬಂದರೆ ಅವನ ಮೈಂಡ್‌ಸೆಟ್‌ನಲ್ಲಿ ದೋಷವಿದೆ ಎಂದು ಇನ್ನೊಂದು ಕೋರ್ಸ್ ಕೊಡುತ್ತೀರಿ. ವೈದ್ಯರು ಆಟ ಬಿಡಿಸುವ ಚಿಕಿತ್ಸೆ ಶುರುಮಾಡುತ್ತಾರೆ. ಅವನು ಮೊದಲು ಯಾರ ಬಾಗಿಲು ತಟ್ಟಿದ ಎಂಬುದರ ಮೇಲೆ ಅವನ ಮುಂದಿನ ಬದುಕು ನಿಲ್ಲುತ್ತದೆ. ಸೋಲಿಗೆ ತನ್ನ ಮನಸ್ಸಿನ ದೌರ್ಬಲ್ಯವೇ ಕಾರಣ ಎಂದು ನಿಮ್ಮಿಂದ ಕಲಿತವನಿಗೆ ನಾಚಿಕೆಯಾಗುತ್ತದೆ. ನಾಚಿಕೆಯಾದವನು ಹೆಂಡತಿಗೆ ಹೇಳುವುದಿಲ್ಲ, ಅಪ್ಪನಿಗೆ ಹೇಳುವುದಿಲ್ಲ. ಸಾಲದವರು ಮನೆಗೆ ಬಂದಾಗಲೇ ಅವರಿಗೆ ಗೊತ್ತಾಗುವುದು.

ಕಾನೂನಿನ ಮಾತಿಲ್ಲದೆ ಈ ಪತ್ರ ಪೂರ್ತಿಯಾಗದು. ಪೋಕರ್ ಕೌಶಲದ ಆಟ ಎಂಬ ವಾದಕ್ಕೆ ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲೇ ಮನ್ನಣೆ ಕೊಟ್ಟಿತ್ತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ರಾಜ್ಯದ 2021ರ ಪೊಲೀಸ್ ತಿದ್ದುಪಡಿ ಕಾಯ್ದೆಯ ಮುಖ್ಯ ಅಂಶಗಳನ್ನು ಅದೇ ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದು ಮಾಡಿತು. ಗುಜರಾತ್ ಹೈಕೋರ್ಟ್ 2017ರಲ್ಲಿ ಪೋಕರ್ ಅದೃಷ್ಟದ ಆಟ ಎಂದಿತ್ತು. ಈಗ ಸಂಸತ್ತು ಆ ಚರ್ಚೆಯನ್ನೇ ಬದಿಗಿಟ್ಟಿದೆ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಕೌಶಲವೋ ಅದೃಷ್ಟವೋ ಎಂದು ನೋಡದೆ, ದುಡ್ಡು ಕಟ್ಟಿಸಿ ಆಡಿಸುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸುತ್ತದೆ. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವರಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಆಡುವವನಿಗೆ ಶಿಕ್ಷೆ ಇಲ್ಲ. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್‌ಗೆ ಹೋದವು. ದೇಶದ ದೊಡ್ಡ ಪೋಕರ್ ಆ್ಯಪ್‌ಗಳು ದುಡ್ಡಿನ ಆಟ ನಿಲ್ಲಿಸಿದವು.

ಈ ನಿಷೇಧ ಸರಿಯೋ ತಪ್ಪೋ ಎಂದು ನಾವು ಬೇರೆ ಬೇರೆ ಮಾತಾಡಬಹುದು. ಆದರೆ ಇದರ ನಂತರ ನಿಮ್ಮಲ್ಲಿ ಕೆಲವರು ಮಾಡಿದ ಕೆಲಸಕ್ಕೆ ಸಮರ್ಥನೆ ಇಲ್ಲ. ವಿಪಿಎನ್ ಹಾಕಿಕೊಂಡು ವಿದೇಶಿ ಸೈಟ್‌ಗಳಿಗೆ ಹೋಗುವ ದಾರಿ ತೋರಿಸುತ್ತಿದ್ದೀರಿ. ಅಲ್ಲಿ ಮೋಸವಾದರೆ ದೂರು ಕೇಳುವವರಿಲ್ಲ. ಗೆದ್ದ ದುಡ್ಡು ತಡೆಹಿಡಿದರೆ ಹೋಗಿ ನಿಲ್ಲಲು ಕಚೇರಿಯಿಲ್ಲ. ವಯಸ್ಸು ನೋಡುವವರಿಲ್ಲ, ದಿನಕ್ಕೆ ಇಷ್ಟೇ ಎಂಬ ಕಡ್ಡಾಯ ಮಿತಿ ಇಲ್ಲ. ಇದ್ದಬದ್ದ ಬೇಲಿಯನ್ನೆಲ್ಲ ಕಿತ್ತು, ನಿನ್ನ ಮನಸ್ಸೇ ನಿನಗೆ ಕಾವಲು ಎಂದು ಇಪ್ಪತ್ತೆರಡರ ಹುಡುಗನನ್ನು ಒಳಗೆ ಕಳಿಸುವುದು ಗುರುವಿನ ಕೆಲಸವಲ್ಲ.

ಆದ್ದರಿಂದ ನಿಮ್ಮಲ್ಲಿ ಕೆಲವು ಬೇಡಿಕೆಗಳಿವೆ.

ಮೊದಲನೆಯದು, ನಿಮ್ಮ ಆದಾಯದ ಲೆಕ್ಕವನ್ನು ಶಿಷ್ಯರ ಮುಂದೆ ಇಡಿ. ರೇಕ್ ಮತ್ತು ತೆರಿಗೆ ಕಳೆದು ಆಟದಿಂದ ಬಂದದ್ದೆಷ್ಟು, ಕೋರ್ಸ್ ಶುಲ್ಕದಿಂದ ಎಷ್ಟು, ಹೊಸಬರನ್ನು ಸೈಟಿಗೆ ಸೇರಿಸಿದ ಕಮಿಷನ್ನಿನಿಂದ ಎಷ್ಟು. ಗೆದ್ದ ದಿನದ ಸ್ಕ್ರೀನ್‌ಶಾಟ್ ಹಾಕುವವರು ವರ್ಷದ ಲೆಕ್ಕವನ್ನೂ ಹಾಕಬೇಕು.

ಎರಡನೆಯದು, ಮೊದಲ ತರಗತಿಯಲ್ಲೇ ಎಣಿಕೆ ಕಲಿಸಿ. ಶೇ 82 ಎಂದರೇನು, ರೇಕ್ ಎಂದರೇನು, ಎಷ್ಟು ಹ್ಯಾಂಡ್ ಆದಮೇಲೆ ತನ್ನ ಆಟದ ಬಗ್ಗೆ ಏನಾದರೂ ಹೇಳಬಹುದು ಎಂಬುದು ತಿಳಿದವನಿಗೆ ಬ್ಯಾಡ್ ಬೀಟ್‌ನ ನೋವು ತಾನಾಗಿ ಕಡಿಮೆಯಾಗುತ್ತದೆ. ಅದನ್ನು ದುಡ್ಡಿಲ್ಲದೆ ಕಲಿಯಬಹುದು. ಗೆಳೆಯರ ನಡುವೆ ಬರೀ ಚಿಪ್ಸ್ ಇಟ್ಟು ಆಡಿದರೂ ಸಾಧ್ಯತೆಗಳ ಲೆಕ್ಕ ಬದಲಾಗುವುದಿಲ್ಲ, ಎದುರಿನವನ ಮುಖ ಓದುವ ಸೊಗಸೂ ಉಳಿಯುತ್ತದೆ.

ಮೂರನೆಯದು, ಮುಂಚೆಯೇ ಗಡಿ ಹಾಕಿಕೊಳ್ಳುವುದನ್ನು ಪಾಠದ ಕೇಂದ್ರಕ್ಕೆ ತನ್ನಿ. ಬಾಡಿಗೆ, ಫೀಸು, ಮನೆಗೆ ಕಳಿಸುವ ದುಡ್ಡು ಆಟಕ್ಕೆ ಸೇರಿದ್ದಲ್ಲ. ಸಾಲದ ದುಡ್ಡಿನಲ್ಲಿ ಒಂದು ಹ್ಯಾಂಡ್ ಕೂಡ ಬೇಡ. ರಾತ್ರಿಯ ಇಂಥ ಗಂಟೆಗೆ ಮುಗಿಸಬೇಕು, ಇಷ್ಟು ಹೋದರೆ ಏಳಬೇಕು. ಈ ಗಡಿಯನ್ನು ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿ ಆಡಲಾಗದವನು ಆಡಲೇಬಾರದು.

ನಾಲ್ಕನೆಯದು, ಯಾವ ಶಿಷ್ಯನನ್ನು ವೈದ್ಯರ ಬಳಿ ಕಳಿಸಬೇಕು ಎಂಬುದನ್ನು ನೀವೇ ಮೊದಲು ಕಲಿಯಿರಿ. ನಿಮ್ಮ ಪ್ರತಿ ವಿಡಿಯೊದ ಕೆಳಗೆ ಕೋರ್ಸಿನ ಲಿಂಕ್ ಇರುವ ಜಾಗದಲ್ಲೇ ಟೆಲಿ ಮಾನಸ್ ಸಹಾಯವಾಣಿ 14416 ಎಂದು ಹಾಕಿ. ಅದು ಉಚಿತ, ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್, ಇಂಟರ್ನೆಟ್ ಗೀಳಿಗೆಂದೇ 2014ರಲ್ಲಿ ಶುರುವಾದ ಶಟ್ ಕ್ಲಿನಿಕ್ ಇದೆ. ಸೋತು ಕೂತವನಿಗೆ ಇದು ದೌರ್ಬಲ್ಯವಲ್ಲ, ಚಿಕಿತ್ಸೆ ಇರುವ ತೊಂದರೆ ಎಂದು ಹೇಳಿ. ನಿಮ್ಮ ಮಾತನ್ನು ಅವನು ನಂಬುತ್ತಾನೆ. ಅವನ ಅಪ್ಪ ಅಮ್ಮ ಹೇಳಿದ್ದಕ್ಕಿಂತ ಬೇಗ ನಂಬುತ್ತಾನೆ. ನಿಮ್ಮ ಹೊಣೆ ಇಷ್ಟು ದೊಡ್ಡದಾಗಿರುವುದು ಆ ನಂಬಿಕೆಯಿಂದಲೇ.

ಕೊನೆಯದು, ವಿದೇಶಿ ಸೈಟ್‌ಗಳ ಲಿಂಕ್‌ಗಳನ್ನು ಇಂದೇ ತೆಗೆಯಿರಿ.

ಹೀಗೆಲ್ಲ ಮಾಡಿದರೆ ತರಗತಿಗೆ ಬರುವವರ ಸಂಖ್ಯೆ ಇಳಿಯುತ್ತದೆ, ಬಂದವರಲ್ಲೂ ಹಲವರು ದುಡ್ಡಿನ ಆಟವನ್ನೇ ಬಿಡುತ್ತಾರೆ ಎಂದು ನೀವು ಹೇಳಬಹುದು. ನಿಜ, ಬಿಡುತ್ತಾರೆ. ಮನಸ್ಸಿನ ಹಿಡಿತವನ್ನು ಪ್ರಾಮಾಣಿಕವಾಗಿ ಕಲಿಸಿದರೆ ಆಗಬೇಕಾದದ್ದೇ ಅದು. ಲೆಕ್ಕ ತಿಳಿದು, ತನ್ನ ಗಡಿ ತಿಳಿದು, ಇದು ನನಗಲ್ಲ ಎಂದು ಎದ್ದುಹೋದ ಶಿಷ್ಯನನ್ನು ನಿಮ್ಮ ಸೋಲು ಎಂದು ಎಣಿಸಬೇಡಿ. ನಿಮ್ಮ ಪಾಠವನ್ನು ಪೂರ್ತಿ ಕಲಿತವನು ಅವನೇ.

ಇಂತಿ,
ಪೋಕರ್ ಆಟವನ್ನೂ ಅದನ್ನಾಡುವ ಹುಡುಗರನ್ನೂ ಪ್ರೀತಿಸುವ
ಒಬ್ಬ ಕನ್ನಡಿಗ